ತಿರುಗಿ ಹೇಳು

ಗುರುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತೂ ಮುಕ್ಕಾಲು

ನನ್ನ ಅಮ್ಮನಿಗೆ, ನಿನ್ನ ಮಗಳು ತರಾತುರಿ ಈ ಒಂದು ಸಲ ತರಾತುರಿ ಇಲ್ಲದೆ ಮಾಡುವ ನಮಸ್ಕಾರ.

ಮಗಳು ಕಾಗದ ಬರೆದಿದ್ದಾಳೆ ಎಂದರೆ ನೀನು ಕನ್ನಡಕ ಹುಡುಕುವುದಕ್ಕೂ ಮುಂಚೆ ಗಾಬರಿಯಾಗುತ್ತೀಯ. ನನಗೆ ಜ್ವರವಿಲ್ಲ, ಕೈಕಾಲು ಮುರಿದಿಲ್ಲ, ಯಾರನ್ನೂ ಕದ್ದು ಮದುವೆಯಾಗಿಲ್ಲ. ಅರ್ಧ ಗಂಟೆ ದೂರದಲ್ಲಿರುವ ತಾಯಿಗೆ ಫೋನ್ ಬಿಟ್ಟು ಕಾಗದ ಬರೆಯುವವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಫೋನಿನಲ್ಲಾದರೆ ಅರ್ಧ ಮಾತನ್ನು ನಾನು ನುಂಗುತ್ತೇನೆ, ಉಳಿದರ್ಧ ಬಾಯಿಂದ ಹೊರಡುವಷ್ಟರಲ್ಲಿ ನೀನು ಉತ್ತರ ಕೊಟ್ಟು ಮುಗಿಸಿರುತ್ತೀಯ. ಕಾಗದದ ಮೇಲೆ ಇಬ್ಬರಿಗೂ ಆ ಸೌಕರ್ಯವಿಲ್ಲ.

ನಾನು ಕೂತಿರುವುದು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ. ಗುರುವಾರ ಬೆಳಿಗ್ಗೆ ಇಲ್ಲಿ ಯಾರೂ ಬರುವುದಿಲ್ಲ ಎಂದು ನಿನಗೂ ಗೊತ್ತು. ನೀನು ಸಿಸ್ಟರ್ ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷವಾದರೂ ಮೂಲೆಯ ನಲ್ಲಿ ಹಾಗೇ ಸೋರುತ್ತಿದೆ. ಮೇಜಿನ ಮೇಲೆ ಒಣಗಿದ ಬಿಳಿ ಚಿಪ್ಪುಗಳು. ಅವುಗಳ ಪಕ್ಕದಲ್ಲಿ ಹಣಕಾಸು ಕಂಪನಿಯವರು ಕಳಿಸಿದ ಕೆಲಸದ ಪತ್ರ ಇದೆ. ಒಪ್ಪಿಗೆ ಇದ್ದರೆ ಇವತ್ತು ಮಧ್ಯಾಹ್ನ ಎರಡು ಗಂಟೆಯೊಳಗೆ ಸಹಿ ಮಾಡಿ ಕಳಿಸಬೇಕು. ಮೂರು ಗಂಟೆಗೆ ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ವಿಚಾರಣೆ. ಆ ಮಗುವಿಗೆ ಔಷಧ ಹೆಚ್ಚಾದದ್ದರ ವಿಚಾರಣೆ. ನಿನ್ನ ಶಿಷ್ಯೆ ಗಿಣಿ ಈಗಾಗಲೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ಯೂನಿಫಾರ್ಮ್ ಇಲ್ಲದೆ. ಸಾದಾ ಬಟ್ಟೆಯಲ್ಲಿ ಅವಳನ್ನು ಈ ವರಾಂಡದಲ್ಲಿ ನೋಡಿದ್ದು ಇದೇ ಮೊದಲು. ಅವಳ ಮುಂದೆ ಹಾದುಹೋಗಲು ಆಗದೆ ಈ ಕೋಣೆಗೆ ನುಗ್ಗಿದೆ.

ಮೊದಲು ಕೆಲಸದ ವಿಷಯ. ಮೂರು ತಿಂಗಳ ಹಿಂದೆ ನಾನು ಆ ಕಂಪನಿಗೆ ಅರ್ಜಿ ಹಾಕಿದ್ದೇನೆ ಎಂದಾಗ ನೀನು ಪೂರ್ತಿ ಕೇಳಲೇ ಇಲ್ಲ. "ಜನರ ನಾಡಿ ಹಿಡಿಯೋಕೆ ಕಲಿತ ಕೈಯಲ್ಲಿ ದುಡ್ಡಿನ ನಾಡಿ ಹಿಡೀತೀಯಾ? ಹಿಡ್ಕೋ. ನನ್ನ ಹತ್ರ ಬಂದು ಹೇಳಬೇಡ" ಅಂದೆ. ಅಲ್ಲಿಗೆ ಮಾತು ನಿಂತಿತು. ಮಾತು ನಿಲ್ಲಿಸಿದವಳು ಇಸ್ತ್ರಿ ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ನನ್ನ ಬಿಳಿ ಕೋಟುಗಳು ಒಗೆದು, ಮಡಿಸಿ, ವಾರ್ಡಿನ ಆಯಾ ಕೈಯಲ್ಲಿ ಬರುತ್ತಲೇ ಇದ್ದವು. ಹೆತ್ತ ತಾಯಿ ಕೋಟಿನ ಕಾಲರಿಗೆ ಕೊಡುವ ಗಮನವನ್ನು ಮಗಳ ಮಾತಿಗೆ ಕೊಡಲಿಲ್ಲವಲ್ಲ ಎಂದು ನನಗೆ ಬಹಳ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ಆ ಕೆಲಸ ಏನೆಂದು ಈಗಲಾದರೂ ಕೇಳು. ಜನ ಉಳಿಸಿದ ಹಣವನ್ನು ಒಟ್ಟುಮಾಡಿ ಆಸ್ಪತ್ರೆಗಳಲ್ಲಿ, ಔಷಧ ತಯಾರಿಸುವ ಕಾರ್ಖಾನೆಗಳಲ್ಲಿ ಹೂಡುತ್ತಾರೆ. ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಕಡತ ನೋಡಿ ಹೇಳಲು ವೈದ್ಯಕೀಯ ಓದಿದವರು ಬೇಕು. ನನಗೆ ಅಂಕಿಗಳು ಇಷ್ಟ ಅಮ್ಮ. ಚಿಕ್ಕವಳಿದ್ದಾಗ ಬಸ್ಸಿನ ನಂಬರುಗಳನ್ನು ಕೂಡಿ, ಭಾಗಿಸಿ, ಶೇಷ ಬಂದರೆ ಬೇಜಾರು ಮಾಡಿಕೊಳ್ಳುತ್ತಿದ್ದೆನಲ್ಲ, ಆ ಹುಚ್ಚು ಬಿಟ್ಟಿಲ್ಲ. ಸಂಬಳ ಜಾಸ್ತಿ ಎನ್ನುವುದೂ ಸುಳ್ಳಲ್ಲ. ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ ಎನ್ನುವುದೂ ಸುಳ್ಳಲ್ಲ. ಮೂರು ತಿಂಗಳ ಹಿಂದೆ ಈ ಕಾರಣಗಳೆಲ್ಲ ನಿಜವಾಗಿದ್ದವು. ಹದಿನೆಂಟು ದಿನಗಳಿಂದ ಮಾತ್ರ ಅವುಗಳ ಹಿಂದೆ ಇನ್ನೊಂದು ಕಾರಣ ಬಚ್ಚಿಟ್ಟುಕೊಂಡು ಕೂತಿದೆ.

ಹದಿನೆಂಟು ದಿನದ ಹಿಂದೆ ಮಕ್ಕಳ ವಾರ್ಡಿನಲ್ಲಿ ಏನಾಯಿತೆಂದು ನಿನಗೆ ಗೊತ್ತು ಎಂದು ನೀನು ಅಂದುಕೊಂಡಿದ್ದೀಯ. ಆಯಾ ಹೇಳಿದ್ದು, ಫೋನಿನಲ್ಲಿ ನಾನು ಹೇಳಿದ್ದು, ಎರಡೂ ಸೇರಿ ನಿನ್ನ ತಲೆಯಲ್ಲಿ ಒಂದು ಕಥೆ ಆಗಿದೆ. ಹದಿನಾಲ್ಕು ತಿಂಗಳ ಮಗು, ತಲೆಯ ಸ್ಕ್ಯಾನ್ ಆಗಬೇಕಿತ್ತು. ಅಲುಗಾಡದೆ ಮಲಗಲೆಂದು ಮಂಪರಿನ ಸಿರಪ್ ಕೊಡಬೇಕಿತ್ತು. ಮಗುವಿನ ತೂಕ ನೋಡಿ, ಕಿಲೋಗೆ ಅರ್ಧ ಎಂ.ಎಲ್. ಡಾಕ್ಟರ್, ಅಂದರೆ ನಾನು, ಸರಿಯಾಗಿಯೇ ಹೇಳಿದೆ; ಸಿಸ್ಟರ್, ಅಂದರೆ ಗಿಣಿ, ಜಾಸ್ತಿ ಎಳೆದಳು. ಮಗುವಿನ ಉಸಿರು ಇಳಿಯಿತು. ಹೇಗೋ ಬದುಕಿತು. ಇದು ನಿನಗೆ ಗೊತ್ತಿರುವ ಕಥೆ. ಆಯಾ ಹೇಳಿದ್ದನ್ನು ನಂಬಿಕೊಂಡೇ ನೀನು ಮೂರು ತಿಂಗಳ ಮೌನ ಮುರಿದು ನನಗೆ ಫೋನ್ ಮಾಡಿದೆ. "ನಿಂದೇನೂ ತಪ್ಪಿಲ್ಲ ಬಿಡು ಮಗಳೇ. ಅವಳಿಗೆ ನಾನೇ ಸರಿಯಾಗಿ ಕಲಿಸಲಿಲ್ಲ" ಅಂದೆ. ಮಗಳೇ ಅಂದೆ. ಆ ಪದ ಕೇಳಿ ನಾನು ಲಿಫ್ಟಿನ ಪಕ್ಕ ನಿಂತು ಅತ್ತುಬಿಟ್ಟೆ. ನೀನು ಸಮಾಧಾನ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಹಾಗೆ ಆ ಸಮಾಧಾನವನ್ನು ಕುಡಿದೆ.

ಮರುದಿನ ಗಿಣಿ ನಿನ್ನ ಮನೆಗೆ ಬಂದಳಂತೆ. ನೀನು ಬಾಗಿಲು ತೆಗೆಯಲಿಲ್ಲವಂತೆ. ತಿರುಗಿ ಹೇಳೋದು ಬಿಟ್ಟವಳು ನನ್ನ ಶಿಷ್ಯೆ ಅಲ್ಲ ಎಂದು ಒಳಗಿನಿಂದಲೇ ಹೇಳಿ ಕಳಿಸಿದೆಯಂತೆ. ಇದನ್ನು ನೀನೇ ನನಗೆ ಹೇಳಿದೆ, ಒಳ್ಳೆಯ ಕೆಲಸ ಮಾಡಿದವಳ ದನಿಯಲ್ಲಿ. ನಾನು ಹೂಂ ಅಂದೆ.

ತಿರುಗಿ ಹೇಳು. ನಮ್ಮ ಮನೆಯಲ್ಲಿ ನಾನು ಅಮ್ಮ ಎನ್ನುವ ಮಾತಿನ ನಂತರ ಕಲಿತದ್ದು ಇದೇ ಇರಬೇಕು. ಅಂಗಡಿಗೆ ಸಾಬೂನು ತರಲು ಕಳಿಸಿದರೂ ಬಾಗಿಲಲ್ಲಿ ನಿಲ್ಲಿಸಿ, ಏನು ತರಬೇಕು, ಎಷ್ಟು, ತಿರುಗಿ ಹೇಳು ಅನ್ನುತ್ತಿದ್ದೆ. ನಾನು ಮೆಟ್ಟಿಲಿಳಿಯುತ್ತಲೇ ಗೊತ್ತು ಗೊತ್ತು ಎಂದು ಕೂಗಿ ಓಡುತ್ತಿದ್ದೆ, ಬಟ್ಟೆ ಸಾಬೂನಿನ ಬದಲು ಮೈ ಸಾಬೂನು ತರುತ್ತಿದ್ದೆ. ನೀನು ತರಾತುರಿ ಎಂದು ಹೆಸರಿಟ್ಟೆ. ನಿನ್ನ ಕೈಕೆಳಗೆ ನಾಲ್ಕು ವರ್ಷ ಕಲಿತವಳು ಮಾತ್ರ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ತಿರುಗಿ ಹೇಳುತ್ತಿದ್ದಳು, ಊಟಕ್ಕೆ ಬಾ ಅಂದರೂ "ಒಂದೂವರೆಗೆ ಊಟಕ್ಕೆ ಬರಬೇಕು" ಅನ್ನುತ್ತಿದ್ದಳು. ಅವಳಿಗೆ ಗಿಣಿ ಎಂದು ಹೆಸರಿಟ್ಟೆ. ಎರಡು ಹೆಸರುಗಳಲ್ಲಿ ಯಾವುದು ಬಿರುದು, ಯಾವುದು ಬೈಗುಳ ಎಂದು ನನಗೆ ಆಗಲೇ ಗೊತ್ತಿತ್ತು. ಹೊಟ್ಟೆಕಿಚ್ಚು ಪಡುತ್ತಿದ್ದೆ ಅಮ್ಮ. ನೀನು ಗಮನಿಸಲಿಲ್ಲ.

ಈಗ ಆ ದಿನದ ನಿಜ ಬರೆಯುತ್ತೇನೆ.

ಮಕ್ಕಳ ತಕ್ಕಡಿ ರಿಪೇರಿಗೆ ಹೋಗಿ ಎರಡು ವಾರವಾಗಿತ್ತು. ಅಂಥ ಹೊತ್ತಲ್ಲಿ ವಾರ್ಡಿನಲ್ಲಿ ಏನು ಮಾಡುತ್ತಾರೆಂದು ನಿನಗೆ ಗೊತ್ತೇ ಇದೆ. ತಾಯಿ ಮಗುವನ್ನೆತ್ತಿಕೊಂಡು ದೊಡ್ಡವರ ತಕ್ಕಡಿ ಹತ್ತಬೇಕು, ಆಮೇಲೆ ಮಗುವನ್ನು ಕೊಟ್ಟು ಒಬ್ಬಳೇ ಹತ್ತಬೇಕು. ಕಳೆದರೆ ಮಗುವಿನ ತೂಕ. ಮೊದಲ ಸಲ ಅರುವತ್ತಮೂರು ಪಾಯಿಂಟ್ ಏಳು. ಎರಡನೇ ಸಲ ಐವತ್ತೆರಡು ಪಾಯಿಂಟ್ ಎಂಟು. ನಾನು ಮುಳ್ಳಿನಿಂದ ಕಣ್ಣು ತೆಗೆಯುವ ಮುಂಚೆಯೇ ಉತ್ತರ ಹೇಳಿದೆ, ಹತ್ತು ಕಿಲೋ ಒಂಬೈನೂರು ಗ್ರಾಂ. ಆ ತಾಯಿ ನನ್ನ ಮುಖ ನೋಡಿ, ಎಷ್ಟು ಬೇಗ ಹೇಳಿಬಿಟ್ರಿ ಅಂದಳು. ನನಗೆ ಖುಷಿಯಾಯಿತು. ಆಮೇಲೆ ಅವಳು ಸಹಿ ಹಾಕಿಸಲೆಂದು ಕಚೇರಿಗೆ ಹೋದಳು. ಅಷ್ಟರಲ್ಲಿ ಸ್ಕ್ಯಾನ್ ಕೋಣೆಯಿಂದ ಫೋನು, ಹತ್ತು ನಿಮಿಷದಲ್ಲಿ ಬರದಿದ್ದರೆ ಸರದಿ ಹೋಗುತ್ತದೆ ಎಂದು. ಬರೆದುಕೊಡಲು ಹೊತ್ತಿಲ್ಲ, ಗಿಣಿಗೆ ಬಾಯಲ್ಲೇ ಹೇಳಿದೆ. ಐದು ಪಾಯಿಂಟ್ ನಾಲ್ಕು ಎಂ.ಎಲ್. ಕೊಡಿ ಎಂದೆ.

ಆಸ್ಪತ್ರೆಯ ನಿಯಮ ನೀನೇ ಬರೆಸಿ ಗೋಡೆಗೆ ಅಂಟಿಸಿದ್ದು. ಡಾಕ್ಟರ್ ಬಾಯಲ್ಲಿ ಹೇಳಿದರೆ ಸಿಸ್ಟರ್ ತಿರುಗಿ ಹೇಳಬೇಕು, ಡಾಕ್ಟರ್ ಸರಿ ಅನ್ನಬೇಕು, ಆಮೇಲೆ ಔಷಧ, ಆಮೇಲೆ ಬರಹ. ಗಿಣಿ ಸಿರಪ್ ಕೊಟ್ಟಳು. ಮಗುವನ್ನು ಗಾಲಿಮಂಚದ ಮೇಲೆ ಸ್ಕ್ಯಾನ್ ಕೋಣೆಗೆ ಕರೆದುಕೊಂಡು ಹೋಗುವಾಗ ಅದರ ತುಟಿಯ ಬಣ್ಣ ಹೋಯಿತು. ಗಿಣಿ ಉಸಿರು ತುಂಬುವ ಬಲೂನಿನ ಚೀಲ ಒತ್ತಿದಳು, ನಾನು ಮಾಸ್ಕ್ ಹಿಡಿದು ಎಣಿಸಿದೆ. ಏಳು ನಿಮಿಷ. ಅವಳು ನನ್ನ ಎಣಿಕೆಗೆ ಸರಿಯಾಗಿ ಒತ್ತುತ್ತಿದ್ದಳು, ನಾನು ಮಗುವಿನ ಎದೆ ಏಳುವುದನ್ನು ನೋಡಿ ಮುಂದಿನ ಸಂಖ್ಯೆ ಹೇಳುತ್ತಿದ್ದೆ. ಮಗು ತಾನಾಗಿ ಉಸಿರೆಳೆದು ಅತ್ತಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿನಲ್ಲಿ ಅವಳು ನನ್ನ ಸ್ವಂತ ತಂಗಿಯೇ ಆಗಿದ್ದಳು.

ಅರ್ಧ ಗಂಟೆಯ ಮೇಲೆ ತೀವ್ರ ನಿಗಾ ಘಟಕದಲ್ಲಿ ಕೂತು ಕೇಸ್ ಶೀಟ್ ಬರೆಯತೊಡಗಿದೆ. ಅಲ್ಲಿನ ಹಾಸಿಗೆಗೇ ತಕ್ಕಡಿ ಇದೆಯಲ್ಲ, ಅವರು ತೂಕದ ಜಾಗದಲ್ಲಿ ಏಳು ಕಿಲೋ ನಾನೂರು ಗ್ರಾಂ ಎಂದು ಆಗಲೇ ಬರೆದಿದ್ದರು. ನಾನು ಅದನ್ನು ನೋಡಿದೆ, ಅರ್ಧ ಮಾಡಿದೆ, ಮೂರು ಪಾಯಿಂಟ್ ಏಳು ಎಂ.ಎಲ್. ಕೊಡಲು ಹೇಳಲಾಗಿದೆ ಎಂದು ಬರೆದೆ. ಬಾಟಲಿಯಲ್ಲಿ ಕಡಿಮೆಯಾಗಿದ್ದದ್ದು ಐದೂ ಚಿಲ್ಲರೆ. ಅಷ್ಟು ಸಾಕಾಯಿತು. ಡಾಕ್ಟರ್ ಬರೆದದ್ದು ಮೂರು, ಸಿಸ್ಟರ್ ಎಳೆದದ್ದು ಐದು. ಗಿಣಿಗೆ ಕೆಲಸಕ್ಕೆ ಬರಬೇಡ ಎಂದರು. ಡಾಕ್ಟರ್ ಐದು ಪಾಯಿಂಟ್ ನಾಲ್ಕು ಅಂತಲೇ ಹೇಳಿದ್ದು ಎಂದು ಅವಳು ಬರೆದುಕೊಟ್ಟಳು. ನನ್ನನ್ನು ಕೇಳಿದಾಗ, "ಏನು ಹೇಳಿದೆನೋ ನೆನಪಿಲ್ಲ, ಯಾವಾಗಲೂ ನಿಯಮದಂತೆಯೇ ಹೇಳುತ್ತೇನೆ" ಎಂದು ಬರೆದುಕೊಟ್ಟೆ. ನೆನಪಿಲ್ಲ ಎನ್ನುವುದು ಎಂಥ ಅನುಕೂಲದ ಪದ ನೋಡು. ಅದನ್ನು ಯಾರೂ ಸುಳ್ಳು ಎನ್ನಲಾಗದು.

ನನ್ನ ಲೆಕ್ಕ ತಪ್ಪುವುದಿಲ್ಲ ಎಂದು ನಾನು ಎಷ್ಟು ನಂಬಿದ್ದೆನೆಂದರೆ, ಮೂರು ಪಾಯಿಂಟ್ ಏಳು ಅಂತಲೇ ಹೇಳಿರಬೇಕು ಎಂದು ನನ್ನನ್ನು ನಾನೇ ಒಪ್ಪಿಸಿದ್ದೆ. ಆ ಒಪ್ಪಂದ ಒಂದು ವಾರ ನಡೆಯಿತು.

ಹತ್ತು ದಿನದ ಹಿಂದೆ ಕಂಪನಿಯಲ್ಲಿ ಕೊನೆಯ ಸಂದರ್ಶನ. ಆರನೇ ಮಹಡಿ, ಗಾಜಿನ ಗೋಡೆಯ ಕೋಣೆ, ಕೂತರೆ ಏಳಲು ಮನಸ್ಸಾಗದ ಕುರ್ಚಿ. ದಪ್ಪ ಕನ್ನಡಕದ ಯಜಮಾನರೊಬ್ಬರು ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದರು. ಕೈಗವಸು ತಯಾರಿಸುವ ಒಂದು ಕಾರ್ಖಾನೆಯ ನಾಲ್ಕು ಹಾಳೆ ಕೊಟ್ಟು, ಇದು ಗಟ್ಟಿಯೋ ಪೊಳ್ಳೋ ನಲವತ್ತು ನಿಮಿಷದಲ್ಲಿ ಹೇಳಿ ಎಂದರು. ನಾನು ಹನ್ನೊಂದು ನಿಮಿಷಕ್ಕೆ ಹೇಳಿದೆ. ಅವರು ಒಂದೊಂದೇ ಸಾಲಿನ ಕೆಳಗೆ ಪೆನ್ಸಿಲ್ ಓಡಿಸಿ ನೋಡಿದರು. ಅಂಥ ನಿಧಾನವನ್ನು ನಾನು ನಿನ್ನಲ್ಲಿ ಬಿಟ್ಟರೆ ಇನ್ನೊಬ್ಬರಲ್ಲಿ ಕಂಡಿರಲಿಲ್ಲ. ಕೊನೆಗೆ ತಲೆಯೆತ್ತಿ, "ಲೆಕ್ಕವೆಲ್ಲ ಸರಿ ಇದೆ ಕಣಮ್ಮ. ಗೋದಾಮಲ್ಲಿ ಇಷ್ಟು ಮಾಲು ಇದೆ ಅಂತ ಬರೆದಿದಾರಲ್ಲ, ತೂಗಿದ್ದು ಯಾರು? ತೂಗುವಾಗ ತಕ್ಕಡಿ ಮೇಲೆ ಇನ್ನೇನಿತ್ತು?" ಎಂದು ಕೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಗೋದಾಮಿನವರು ಮರದ ಪೆಟ್ಟಿಗೆ ಸಮೇತ ತೂಗಿ ಬರೆದಿದ್ದರಂತೆ. ಇವರು ಕಾಗದ ನೋಡಿ ನಂಬಿ ಮರ್ಯಾದೆ ಕಳೆದುಕೊಂಡರಂತೆ.

ಮಗುವನ್ನೆತ್ತಿಕೊಂಡು ತಕ್ಕಡಿ ಹತ್ತಿದಾಗ ಆ ತಾಯಿಯ ಹೆಗಲಲ್ಲಿ ಒಂದು ಚೀಲವಿತ್ತು ಅಮ್ಮ. ಅಗಲವಾದ ಪಟ್ಟಿಯ ದೊಡ್ಡ ಚೀಲ. ಮಗುವನ್ನು ಗಿಣಿಗೆ ಕೊಡುವಾಗ ಪಟ್ಟಿ ಅಡ್ಡ ಬಂತೆಂದು ಚೀಲವನ್ನೂ ಇಳಿಸಿ ನೆಲದ ಮೇಲಿಟ್ಟಿದ್ದಳು. ಎರಡನೇ ಸಲ ತಕ್ಕಡಿ ಹತ್ತಿದಾಗ ಅವಳ ಮೇಲೆ ಮಗುವೂ ಇರಲಿಲ್ಲ, ಚೀಲವೂ ಇರಲಿಲ್ಲ. ನಾನು ಚೀಲವನ್ನೂ ಸೇರಿಸಿ ಮಗುವಿಗೆ ಔಷಧ ಕೊಟ್ಟಿದ್ದೆ. ಐದು ನಿಮಿಷ ನಾನು ಮಾತಾಡದೆ ಕೂತದ್ದನ್ನು ಯಜಮಾನರು ಆಳವಾದ ಆಲೋಚನೆ ಎಂದುಕೊಂಡರು. ಬೇರೆಯವರೆಲ್ಲ ತಕ್ಷಣ ಏನಾದರೂ ಉತ್ತರ ಕೊಡ್ತಾರೆ, ನೀವು ಯೋಚನೆ ಮಾಡಿದ್ರಿ ಎಂದು ಮೆಚ್ಚಿಕೊಂಡರು. ಅವರು ಕೆಲಸ ಕೊಟ್ಟದ್ದು ನನ್ನ ಲೆಕ್ಕಕ್ಕಲ್ಲ, ನನ್ನ ಅಪರಾಧಕ್ಕೆ.

ಮರುದಿನ ಆ ಮಗು ತಪಾಸಣೆಗೆ ಬಂತು. ತಾಯಿಯ ಹೆಗಲಲ್ಲಿ ಅದೇ ಚೀಲ. ಹಾಲಿನ ಬಾಟಲಿ, ಫ್ಲಾಸ್ಕು, ಬಟ್ಟೆ, ಹಳೆಯ ಕಾಗದಗಳ ಕಟ್ಟು. ತಾಯಿ ಡಾಕ್ಟರಮ್ಮನ ಜೊತೆ ಮಾತಾಡುತ್ತಿದ್ದಾಗ ನಾನು ಕಳ್ಳಿಯ ಹಾಗೆ ಚೀಲವನ್ನು ತಕ್ಕಡಿಯ ಮೇಲಿಟ್ಟು ನೋಡಿದೆ. ಮೂರೂವರೆ ಕಿಲೋ. ಹತ್ತು ಪಾಯಿಂಟ್ ಒಂಬತ್ತರಲ್ಲಿ ಕಳೆದರೆ ಏಳು ಪಾಯಿಂಟ್ ನಾಲ್ಕು. ಶೇಷ ಸೊನ್ನೆ.

ಆ ಮಗುವನ್ನು ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು. ಸಣ್ಣ ಕೈ, ಸಡಿಲ ಚರ್ಮ. ಹತ್ತು ಕಿಲೋದ ಮಗು ಹಾಗಿರುತ್ತದೆಯೇ? ನೀನಾಗಿದ್ದರೆ ತಕ್ಕಡಿಯನ್ನೇ ಬೈಯುತ್ತಿದ್ದೆ.

ಇದೆಲ್ಲ ಗೊತ್ತಾದ ಮೇಲೂ ಒಂಬತ್ತು ದಿನ ಬಾಯಿ ಬಿಡಲಿಲ್ಲ. ಮಗು ಬದುಕಿದೆ, ನಾನು ಹೇಗೂ ಬಿಟ್ಟು ಹೋಗುತ್ತಿದ್ದೇನೆ, ಗಿಣಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ಲೆಕ್ಕ ಹಾಕಿದೆ. ನನ್ನ ತರಬೇತಿ ಮುಗಿಯಲು ಹದಿನೇಳು ದಿನ ಉಳಿದಿದೆ. ಇವತ್ತು ವಿಚಾರಣೆ ಅವಳ ತಪ್ಪು ಎಂದು ಮುಗಿದರೆ ನನ್ನ ಕಡತ ಶುದ್ಧ, ಸರ್ಟಿಫಿಕೇಟ್ ಸಿಗುತ್ತದೆ, ಆರನೇ ಮಹಡಿ. ಅಲ್ಲಿ ಅಂಕಿ ತಪ್ಪಿದರೆ ಯಾರ ತುಟಿಯೂ ಬಣ್ಣ ಕಳೆದುಕೊಳ್ಳುವುದಿಲ್ಲ. ಹದಿನೆಂಟು ದಿನಗಳಿಂದ ಬಚ್ಚಿಟ್ಟುಕೊಂಡ ಕಾರಣ ಇದು. ನೀನು ದುಡ್ಡಿನ ಆಸೆ ಎಂದುಕೊಂಡೆ. ಅದು ಹೆದರಿಕೆ. ಆದರೆ ನಿನ್ನೆ ಆಯಾ ಹೇಳಿದಳು, ಗಿಣಿಯನ್ನು ಕೆಲಸದಿಂದಲೇ ತೆಗೆಯುತ್ತಾರಂತೆ ಎಂದು.

ಇಷ್ಟು ಬರೆದೆನಲ್ಲ, ಇನ್ನೂ ಒಂದನ್ನು ಬರೆದಿಲ್ಲ. ನೀನು ಬಾಗಿಲು ಹಾಕಿದ್ದು ಅವಳು ತಿರುಗಿ ಹೇಳಲಿಲ್ಲ ಎಂದಲ್ಲವೇ?

ಅವಳು ತಿರುಗಿ ಹೇಳಿದಳು ಅಮ್ಮ.

ಸಿರಿಂಜ್ ಕೈಯಲ್ಲಿ ಹಿಡಿದು, ನನ್ನ ಕಡೆ ತಿರುಗಿ, "ಹತ್ತು ಕಿಲೋ ಒಂಬೈನೂರು ಗ್ರಾಂ, ಐದು ಪಾಯಿಂಟ್ ನಾಲ್ಕು ಎಂ.ಎಲ್... ಡಾಕ್ಟ್ರೇ, ಮಗು ನೋಡಿದ್ರೆ ಅಷ್ಟು..." ಎಂದಳು. ನಾನು ಮುಗಿಸಲು ಬಿಡಲಿಲ್ಲ. "ಗೊತ್ತು ಸಿಸ್ಟರ್, ಲೆಕ್ಕ ನಂದು. ನೀವು ಕೊಡಿ" ಎಂದೆ. ಮೆಟ್ಟಿಲಿಳಿಯುತ್ತಾ ಕೂಗುತ್ತಿದ್ದೆನಲ್ಲ, ಅದೇ ದನಿ. ಹತ್ತಿರ ಯಾರೂ ಇರಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಸ್ ಶೀಟಿನಲ್ಲಿ ಮೂರು ಪಾಯಿಂಟ್ ಏಳು ಎಂದು ಬರೆಯುವಾಗ ಅವಳ ಹತ್ತು ಕಿಲೋ ಒಂಬೈನೂರು ಗ್ರಾಂ ನನ್ನ ಕಿವಿಯಲ್ಲೇ ಇತ್ತು. ನೆನಪಿತ್ತು. ನೆನಪಿಲ್ಲ ಎಂದು ಬರೆಯುವಾಗಲೂ ನೆನಪಿತ್ತು.

ವಾರ್ಡಿನಲ್ಲಿ ನೀನು ಎಲ್ಲರಿಗೂ ಹೇಳುತ್ತಿದ್ದ ತಮಾಷೆಯ ಮಾತೊಂದಿತ್ತು. ಮಗಳನ್ನು ಡಾಕ್ಟರ್ ಓದಿಸೋದು ಯಾಕೆ ಸಿಸ್ಟರ್ ಎಂದು ಯಾರಾದರೂ ಕೇಳಿದರೆ, "ಮೂವತ್ತು ವರ್ಷ ಆಯ್ತು, ನರ್ಸ್ ಮಾತು ಪೂರ್ತಿ ಕೇಳೋ ಡಾಕ್ಟರ್ ಒಬ್ರೂ ಸಿಕ್ಕಿಲ್ಲ. ಅದಕ್ಕೆ ನಾನೇ ಒಬ್ಬಳನ್ನ ಹೆತ್ತಿದೀನಿ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಹನ್ನೆರಡೂವರೆ ಆಯಿತು. ಪತ್ರ ಇನ್ನೂ ಮೇಜಿನ ಮೇಲಿದೆ. ಪೆನ್ನೂ ಕೈಯಲ್ಲಿದೆ.

ಒಂದೂ ನಲವತ್ತು

ಕಂಪನಿಯ ಯಜಮಾನರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಚೀಲ, ಗಿಣಿ, ನೆನಪಿಲ್ಲ ಎಂದದ್ದು, ಎಲ್ಲ. ಬೈಯುತ್ತಾರೆ, ಪತ್ರ ವಾಪಸ್ ಕೇಳುತ್ತಾರೆ, ಆಗ ನಾನು ಆಯ್ಕೆ ಮಾಡುವ ಕಷ್ಟವೇ ಇರುವುದಿಲ್ಲ ಎಂದು ಆಸೆಪಟ್ಟಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಮೊದಲು ಅಲ್ಲಿದ್ದನ್ನ ಮುಗಿಸ್ಕೊಂಡು ಬನ್ನಿ. ಆರು ತಿಂಗಳಾದ್ರೂ ಕಾಯ್ತೀವಿ. ನಮಗೆ ತಪ್ಪು ಮಾಡದೇ ಇರೋರು ಬೇಕಾಗಿಲ್ಲ" ಎಂದರು. ಒಳ್ಳೆಯವರು ಎಷ್ಟು ಕಷ್ಟ ಕೊಡುತ್ತಾರೆ!

ಆಗ ನಿಜವಾಗಿ ಒದ್ದಾಡಿದೆ. ಎರಡು ಬಾಗಿಲೂ ತೆರೆದೇ ಇವೆ. ಆ ಕುರ್ಚಿ, ಆ ಗಾಜಿನ ಗೋಡೆ, ಆ ನಾಲ್ಕು ಹಾಳೆಗಳ ರುಚಿ. ಆ ಕೆಲಸ ಕೀಳೆಂದು ನೀನು ಹೇಳಿದ್ದು ತಪ್ಪು. ನನ್ನ ಕಣ್ಣಿಂದ ಪೊರೆ ಕಿತ್ತವರು ಅಲ್ಲಿನವರೇ. ಅಲ್ಲಿದ್ದರೂ ನಾನು ಒಳ್ಳೆಯ ಕೆಲಸಗಾರ್ತಿಯೇ ಆಗುತ್ತಿದ್ದೆ, ಇದನ್ನು ನೀನು ನಂಬಬೇಕು.

ಆದರೂ ಆ ಏಳು ನಿಮಿಷ ಬಿಡಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮುಂದಿನ ಸಂಖ್ಯೆಗೆ ಹಾರದೆ, ಎದೆ ಏಳುವವರೆಗೆ ಕಾದು, ಆಮೇಲೆ ಎಣಿಸಿದ್ದು ಅಷ್ಟೇ ಹೊತ್ತು. ಆ ಏಳು ನಿಮಿಷ ನನಗೆ ಬೇರೆಲ್ಲೂ ಇರಬೇಕೆನಿಸಲಿಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ. ಆ ಹೆದರಿಕೆಯ ಜೊತೆಗೇ ಅಲ್ಲಿರಬೇಕೆನಿಸಿತು. ಮತ್ತೆ ಇನ್ನೊಂದು ಮಾತು. ಕಂಪನಿಯ ಪತ್ರ ಜೇಬಿನಲ್ಲಿಟ್ಟುಕೊಂಡು ಮೂರು ಗಂಟೆಗೆ ನಿಜ ಹೇಳಿದರೆ, ಅದು ಹಿತ್ತಿಲ ಬಾಗಿಲು ತೆಗೆದಿಟ್ಟುಕೊಂಡು ಅಂಗಳದಲ್ಲಿ ಧೈರ್ಯ ತೋರಿಸಿದ ಹಾಗೆ. ಆದ್ದರಿಂದ ಅವರಿಗೆ ಮತ್ತೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಈಗಲೂ ಬೇಡ, ಆರು ತಿಂಗಳ ಮೇಲೂ ಬೇಡ ಎಂದೆ. ಅಲ್ಲಿಯೂ ಇಟ್ಟುಕೊಳ್ಳದಿದ್ದರೆ ಏನ್ಮಾಡ್ತೀರಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತು ಎನ್ನದೆ ಗೊತ್ತಿಲ್ಲ ಎಂದದ್ದು ನನಗೇ ಹೊಸದಾಗಿ ಕೇಳಿಸಿತು.

ನಿನ್ನ ಇಸ್ತ್ರಿಯ ಕೋಟು ಹಾಕಿಕೊಂಡು ಒಳಗೆ ಹೋಗುತ್ತೇನೆ.

ನಾಲ್ಕೂ ಕಾಲು

ಮುಗಿಯಿತು.

ಐದು ಜನ, ಉದ್ದ ಮೇಜು, ಗಿಣಿ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ದೊಡ್ಡ ಡಾಕ್ಟರಮ್ಮ ಕಡತ ತೆರೆಯುವ ಮುಂಚೆಯೇ ನಾನು ಎದ್ದು ನಿಂತೆ. ಚೀಲದಿಂದ ಹಿಡಿದು ನೆನಪಿಲ್ಲ ಎಂದದ್ದರವರೆಗೆ ಎಲ್ಲ ಹೇಳಿದೆ. ಡಾಕ್ಟರಮ್ಮ, ಯಾರೂ ಕೇಳಿಸಿಕೊಂಡಿರಲಿಲ್ಲ ಅಂತೀರ, ಹಾಗಿದ್ರೆ ಈಗ ಯಾಕೆ ಹೇಳ್ತಿದೀರ ಎಂದು ಕೇಳಿದರು. ಅವಳು ನಮ್ಮಮ್ಮನ ಹತ್ತಿರ ಕಲಿತವಳು ಮೇಡಂ ಎಂದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿನ್ನನ್ನು ಅವರೂ ಮರೆತಿಲ್ಲ.

ಗಿಣಿ ಸೋಮವಾರದಿಂದ ಕೆಲಸಕ್ಕೆ ಬರುತ್ತಾಳೆ. ನನ್ನ ಸರ್ಟಿಫಿಕೇಟ್ ತಡೆಹಿಡಿದಿದ್ದಾರೆ. ಮಕ್ಕಳ ವಾರ್ಡಿನಲ್ಲಿ ಆರು ತಿಂಗಳು ಮೊದಲಿಂದ ತರಬೇತಿ. ಸುಳ್ಳು ಬರೆದುಕೊಟ್ಟದ್ದನ್ನು ವೈದ್ಯರ ಮಂಡಳಿಗೆ ತಿಳಿಸುತ್ತಾರೆ, ನನಗೆ ನೋಂದಣಿ ಕೊಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ನಾಳೆ ಹತ್ತು ಗಂಟೆಗೆ ಆ ಮಗುವಿನ ತಾಯಿಗೆ ನಾನೇ ಎದುರು ಕೂತು ಎಲ್ಲ ಹೇಳಬೇಕು. ಇದು ಎಲ್ಲಕ್ಕಿಂತ ಕಷ್ಟ. ಎಷ್ಟು ಬೇಗ ಹೇಳಿಬಿಟ್ರಿ ಅಂದಿದ್ದಳಲ್ಲ, ಅವಳಿಗೆ. ನಿಧಾನವಾಗಿ ಹೇಳುತ್ತೇನೆ.

ಹೀಗಾಗಿ ಸದ್ಯಕ್ಕೆ ನಿನ್ನ ಮಗಳು ಅತ್ತ ಹಣಕಾಸಿನವಳೂ ಅಲ್ಲ, ಇತ್ತ ಪೂರ್ತಿ ಡಾಕ್ಟರೂ ಅಲ್ಲ. ಮತ್ತೆ ಮೂರು ತಿಂಗಳು ಮಾತು ಬಿಡುವುದಾದರೆ ಬಿಡು, ಅದು ನಿನ್ನ ಹಕ್ಕು. ಕೋಟುಗಳನ್ನು ಇನ್ನು ಮೇಲೆ ನಾನೇ ಒಗೆದುಕೊಳ್ಳುತ್ತೇನೆ. ನಿನ್ನ ಮೇಲಿನ ಪ್ರೀತಿ, ಸಿಟ್ಟು ಎರಡೂ ಇದ್ದ ಹಾಗೇ ಇವೆ.

ನಿನ್ನ ಮಾತನ್ನು ಕೊನೆಗೂ ಕೇಳಿಸಿಕೊಂಡ,
ತರಾತುರಿ

ತಾ.ಕ.: ಮೇಲಿನದೆಲ್ಲ ಮುಗಿಸಿದ ಮೇಲೆ ಬೆಂಚಿನ ಹತ್ತಿರ ಹೋಗಿ, ಈ ಹಾಳೆಗಳನ್ನು ಗಿಣಿಯ ಕೈಗೆ ಕೊಟ್ಟು, ತಿರುಗಿ ಹೇಳು ಅಂದೆ. ಅವಳು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಒಂದು ಕಡೆ ಮಾತ್ರ ಅವಳೇ ನಿಲ್ಲಿಸಿ, "ಒಂದು ಸಲ ಅಲ್ಲ ಡಾಕ್ಟ್ರೇ, ಎರಡು ಸಲ ಹೇಳಿದೆ" ಎಂದಳು. ಎರಡನೆಯದು ನನಗೆ ನಿಜವಾಗಿಯೂ ನೆನಪಿಲ್ಲ. ಅವಳು ಹೇಳಿದ ಮೇಲೆ ಹೇಳಿದ್ದಾಳೆ, ಹಾಗೇ ತಿದ್ದಿಕೊಂಡು ಓದು. ಈ ಕಾಗದ ತಂದವಳು ಅವಳೇ. ನೀನು ಬಾಗಿಲ ಸಂದಿಯಿಂದ ಇದನ್ನು ತೆಗೆದುಕೊಂಡಿದ್ದರೆ, ಅವಳು ಇನ್ನೂ ಹೊರಗೇ ನಿಂತಿದ್ದಾಳೆ.